ಅಂಚಿನಲ್ಲಿ ಕಳೆಯುವ ಶಕ್ತಿ

ವಿಜ್ಞಾನವನ್ನು ಕನ್ನಡಕ್ಕೆ ತರುವುದೆಂದರೆ ಪಾರಿಭಾಷಿಕ ಪದಗಳನ್ನು ಟಂಕಿಸುವುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪದ ಬೇಕು, ನಿಜ. ಆದರೆ ಪದವೇ ವಿವರಣೆಯಲ್ಲ. ಬೈಜಿಕ ಸಮ್ಮಿಲನ ಸಂಶೋಧನೆಯ ಸಮಸ್ಯೆಯೊಂದು ಇದಕ್ಕೆ ತಕ್ಕ ನಿದರ್ಶನ.

ಸೂರ್ಯನ ಒಡಲಿನಲ್ಲಿ ನಡೆಯುವಂತೆ ಹಗುರ ಪರಮಾಣುಬೀಜಗಳನ್ನು ಬೆಸೆಯಲು ಪ್ಲಾಸ್ಮಾವನ್ನು ಅಪಾರವಾಗಿ ಕಾಯಿಸಬೇಕು. ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಐಟರ್ ಯಂತ್ರದಲ್ಲಿ ಈ ಉಷ್ಣತೆ ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕಾಯಿಸುವ ಮಾರ್ಗಗಳಲ್ಲಿ ರೇಡಿಯೋ ಅಲೆಯೂ ಒಂದು. ಆ ಅಲೆಯ ಶಕ್ತಿಮೂಲಗಳನ್ನು ಒದಗಿಸುವುದರಲ್ಲಿ ಭಾರತಕ್ಕೂ ಪಾಲಿದೆ. ಅಲೆಯನ್ನು ಹೊಮ್ಮಿಸುವ ಆಂಟೆನಾ ಇರುವುದು ಗೋಡೆಯ ಬಳಿ. ಶಕ್ತಿ ತಲುಪಬೇಕಾದುದು ಗರ್ಭಕ್ಕೆ. ನಡುವೆ ಇರುವುದು ವಿರಳ ಪ್ಲಾಸ್ಮಾದ ತೆಳುವಾದ ಅಂಚು. ಅಮೆರಿಕದ ಪ್ರಿನ್ಸ್‌ಟನ್ ಪ್ರಯೋಗಾಲಯದ ಎನ್‌ಎಸ್‌ಟಿಎಕ್ಸ್ ಯಂತ್ರದಲ್ಲಿ, ಕೆಲವು ಪ್ರಯೋಗಗಳಲ್ಲಿ, ಅಲೆಶಕ್ತಿಯ ಶೇಕಡಾ 60ರವರೆಗೆ ಈ ಅಂಚಿನಲ್ಲಿಯೇ ಕಳೆದುಹೋಯಿತು.

ರಾಯದುರ್ಗ, ಮಡಕಶಿರಾ ಸೀಮೆಯ ವಿದ್ಯಾರ್ಥಿಗೆ ಇದು ತೀರ ಅಪರಿಚಿತ ಸಂಗತಿಯಲ್ಲ. ಕೊಳವೆಬಾವಿಯ ನೀರು ಮಡಿ ಸೇರುವ ಮುನ್ನವೇ ಕಾಲುವೆಯಲ್ಲಿ ಇಂಗಿಹೋಗುವುದನ್ನು ಓಬಳಾಪುರದಂಥ ಊರಿನ ರೈತರು ಬಲ್ಲರು. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆಂಬುದನ್ನೂ ಹೇಳಬೇಕು. ಅಂಚಿನ ಸಾಂದ್ರತೆ ತೀರ ಕಡಿಮೆಯಾದರೆ ಅಲೆ ಒಳಹೊಗಲು ತಿಣುಕುತ್ತದೆ. ಆಂಟೆನಾದ ಮುಂದೆಯೇ ಅದು ಒಂದು ಮಿತಿಯನ್ನು ಮೀರಿದರೆ ಅಲೆ ಅಂಚಿನಲ್ಲಿ ಹರಡಿ ಅಲ್ಲಿಯೇ ವ್ಯಯವಾಗುತ್ತದೆ. ನೀರು ಹೀಗೆ ವರ್ತಿಸದು.

ಮೊದಲಿನ ಹಲವು ಗಣಕ ಮಾದರಿಗಳು ಅಂಚನ್ನು ಬಿಟ್ಟು ಲೆಕ್ಕ ಹಾಕುತ್ತಿದ್ದವು. ಅದನ್ನು ಸೇರಿಸಿಕೊಂಡ ಬಳಿಕ ನಷ್ಟ ಥಟ್ಟನೆ ಏರುವ ಮಿತಿ ಗೋಚರಿಸಿತು. ಆದರೆ ಶಕ್ತಿ ಯಾವ ಬಗೆಯಲ್ಲಿ ಕರಗುತ್ತದೆಂಬುದು ಖಚಿತವಿಲ್ಲದ ಕಾರಣ, ಲೆಕ್ಕದಲ್ಲಿ ಘರ್ಷಣೆಯ ಹೆಸರಿನ ರಾಶಿಯೊಂದನ್ನು ಬದಲಿಯಾಗಿ ಇರಿಸಲಾಯಿತು. ಅದು ಬದಲಿಯೇ ಹೊರತು ಕಾರಣವಲ್ಲವೆಂದು ಇರಿಸಿದವರೇ ಹೇಳಿದರು.

ಕನ್ನಡದ ವಿಜ್ಞಾನ ಬರಹಕ್ಕೆ ಬೇಕಾದುದು ಈ ಪ್ರಾಮಾಣಿಕತೆ. ಸಂಸ್ಕೃತದ ಸಮಾಸವೊಂದನ್ನು ಬರೆದು ಮುಂದೆ ಸಾಗುವ ಲೇಖಕ, ಬದಲಿಯನ್ನೇ ಕಾರಣವೆಂದು ಓದುಗನ ಕೈಗಿಡುತ್ತಾನೆ. ಏನು ಯಾವುದನ್ನು ಏನು ಮಾಡುತ್ತದೆ ಎಂಬುದನ್ನು ಹೇಳುವುದು ನಾಮಪದವಲ್ಲ, ಕ್ರಿಯಾಪದ.

ಇದು ಭೌತಶಾಸ್ತ್ರದವರ ಕೆಲಸ, ಸಾಹಿತ್ಯದವರದಲ್ಲ ಎಂಬ ಆಕ್ಷೇಪ ನಿಲ್ಲದು. ಖಗೋಳವಿಜ್ಞಾನಿ ಜಯಂತ ನಾರಳೀಕರರು ಮರಾಠಿಯಲ್ಲಿ ಕತೆಗಳನ್ನು ಬರೆದರು. ಕಾದಂಬರಿಕಾರ ಶಿವರಾಮ ಕಾರಂತರು ಕನ್ನಡದಲ್ಲಿ 'ವಿಜ್ಞಾನ ಪ್ರಪಂಚ'ದ 4 ಸಂಪುಟಗಳನ್ನು ರಚಿಸಿದರು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪಾರಿಭಾಷಿಕ ಪದಗಳ ಪಟ್ಟಿಯನ್ನು ಕಂಠಪಾಠ ಮಾಡುವ ಬದಲು, ಒಂದೊಂದು ಪದಕ್ಕೂ ಅದರ ಕೆಲಸವನ್ನು ತಿಳಿಸುವ ಒಂದೊಂದು ಪೂರ್ಣ ವಾಕ್ಯವನ್ನು ಬರೆಯಲಿ. ಬರೆಯಲಾಗದಿದ್ದಲ್ಲಿ ಆ ಪದ ಇನ್ನೂ ಅಂಚಿನಲ್ಲಿಯೇ ಉಳಿದಿದೆಯೆಂದು ತಿಳಿಯಬೇಕು.