ಡಬ್ಬಿ ಹಿಡಿದವನ ಲೆಕ್ಕ ಯಾರ ಬಳಿ ಇದೆ?

ಜಗತ್ತಿನಲ್ಲಿ ರಾಸಾಯನಿಕಗಳ ಬಳಕೆ ಎಷ್ಟು ಸುರಕ್ಷಿತವಾಗಿದೆ ಎಂದು ಅಳೆಯುವ ಕೆಲಸ ವರ್ಷಗಳಿಂದ ನಡೆಯುತ್ತಾ ಇದೆ. ಅದರ ಮುಖ್ಯ ಒಪ್ಪಂದ ಆದದ್ದು ಬೇರೆಲ್ಲೂ ಅಲ್ಲ, ನಮ್ಮವರು ದುಡಿಯುವ ಇದೇ ದುಬೈಯಲ್ಲಿ, 2006ರ ಫೆಬ್ರವರಿಯಲ್ಲಿ. 2020ರೊಳಗೆ ರಾಸಾಯನಿಕಗಳಿಂದ ಜನರಿಗೂ ಪರಿಸರಕ್ಕೂ ಆಗುವ ಹಾನಿಯನ್ನು ಆದಷ್ಟು ತಗ್ಗಿಸಬೇಕು ಎಂಬುದು ಗುರಿ. 2020 ಬಂತು, ಹೋಯಿತು, ಗುರಿ ಮುಟ್ಟಲಿಲ್ಲ. 2023ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಮತ್ತೆ ಸೇರಿ 28 ಹೊಸ ಗುರಿಗಳನ್ನು ಇಟ್ಟುಕೊಂಡರು.

ಗುರಿ ತಪ್ಪಿದ್ದಕ್ಕಿಂತ ನನಗೆ ಬೇಸರ ತರಿಸಿದ್ದು ಅಳೆದ ರೀತಿ. ಕಾನೂನು ಇದೆಯೇ, ಸಮಿತಿ ಇದೆಯೇ, ತರಬೇತಿ ಕೊಟ್ಟಿದ್ದೀರಾ ಎಂದು ಕೇಳುವುದು, ಸರಕಾರಗಳು ತಾವೇ ಫಾರಂ ತುಂಬಿ ಕಳಿಸುವುದು. ಡಬ್ಬಿ ಹಿಡಿದು ಕೆಲಸ ಮಾಡುವವನನ್ನು ಕೇಳುವವರು ಯಾರು?

ಒಂದು ಉದಾಹರಣೆ ನೋಡಿ. ತಿಗಣೆ ಕೊಲ್ಲಲು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಸಾಮಾನ್ಯ ಜನರಿಗೆ ಮಾರುವಂತಿಲ್ಲ ಎಂದು ಯುಎಇಯಲ್ಲಿ ಕಾನೂನೇ ಇದೆ. ಫಾರಂನಲ್ಲಿ ಅದಕ್ಕೆ "ಇದೆ" ಎಂದು ಬರೆಯಬಹುದು. ಆದರೆ ಒಂದು ರೂಮಿನಲ್ಲಿ ಅದನ್ನು ಇಟ್ಟು, ವಿಷದ ಗಾಳಿ ಪಕ್ಕದ ರೂಮಿಗೆ ನುಗ್ಗಿ, ಮಲಗಿದ್ದವರು ಏಳದೇ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಕದ್ದು ಮಾರುವ ಮಾತ್ರೆಗೆ ಲೇಬಲ್ ಎಲ್ಲಿಂದ ಬರಬೇಕು?

ಲೇಬಲ್ ಇದ್ದರೂ ಕಷ್ಟವೇ. ಕೆಂಪು ಅಂಚಿನ ಚೌಕದೊಳಗಿನ ಚಿತ್ರಗಳು ಒಟ್ಟು 9, ಜಗತ್ತಿಗೆಲ್ಲ ಒಂದೇ. ತಲೆಬುರುಡೆ ಯಾರಿಗಾದರೂ ಅರ್ಥವಾಗುತ್ತದೆ. ಮನುಷ್ಯನ ಎದೆಯಲ್ಲಿ ನಕ್ಷತ್ರ ಸಿಡಿದಂಥ ಚಿತ್ರ? ಕ್ಯಾನ್ಸರ್, ಉಸಿರಾಟದ ತೊಂದರೆ, ಮಕ್ಕಳಾಗುವ ಶಕ್ತಿಗೆ ಪೆಟ್ಟು, ಇಂಥ ನಿಧಾನದ ಹಾನಿಗಳ ಗುರುತು ಅದು. ಪೈಂಟು, ತಿನ್ನರ್ ಹಿಡಿಯುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತು? ಎಲ್ಲ ಸರಕಾರಗಳೂ 2030ರೊಳಗೆ ಈ ಲೇಬಲ್ ಪದ್ಧತಿಯನ್ನು ಜಾರಿ ಮಾಡಬೇಕು ಎಂಬುದು ಆ 28ರಲ್ಲಿ ಒಂದು. ಅಂಟಿಸಿದ ಲೇಬಲ್ ಎಣಿಸಿದರೆ ಸಾಲದು, ಓದಿ ತಿಳಿದವರನ್ನು ಎಣಿಸಬೇಕು.

ಇನ್ನೊಂದು ಇದೆ, ಅದು ಪ್ರವಾಸಿಗಳಿಗೇ ಸೇರಿದ್ದು. ನಿಧಾನದ ಹಾನಿ ಹತ್ತು ಹದಿನೈದು ವರ್ಷದ ನಂತರ ತಲೆ ಎತ್ತಬಹುದು. ಅಷ್ಟು ಹೊತ್ತಿಗೆ ವೀಸಾ ಕ್ಯಾನ್ಸಲ್ ಆಗಿ ಮನುಷ್ಯ ಊರು ಸೇರಿರುತ್ತಾನೆ. ಇಲ್ಲಿನ ಪುಸ್ತಕದಲ್ಲಿ ಅವನು ಆರೋಗ್ಯವಂತನಾಗಿ ಹೋದವನು. ಊರಿನ ಆಸ್ಪತ್ರೆಯಲ್ಲಿ "ಬೀಡಿ ಸೇದುತ್ತಿದ್ದಿರಾ?" ಎಂದು ಕೇಳುತ್ತಾರೆ, ಗಲ್ಫಿನಲ್ಲಿ ಏನು ಕೆಲಸ ಎಂದು ಕೇಳುವುದು ಕಡಿಮೆ. ಎರಡು ದೇಶದ ಲೆಕ್ಕದಲ್ಲೂ ಅವನಿಲ್ಲ.

ಇದು ನಮ್ಮ ಜಿಲ್ಲೆಗೆ ಹೊಸತಲ್ಲ. ಕೊಕ್ಕಡದ ಕಡೆ, ಕಾಸರಗೋಡಿನ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟ ಕಾಲದಲ್ಲಿ ಕಾಗದದ ಮೇಲೆ ಅದು ಅನುಮತಿ ಇದ್ದ ಮದ್ದು. ಮನೆ ಮನೆಯ ಮಕ್ಕಳ ಸ್ಥಿತಿಯನ್ನು ಊರವರು ತೋರಿಸಿಕೊಟ್ಟ ಮೇಲೆಯೇ ವಿಷಯ ಹೊರಗೆ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೂ ಸೇರಿತು.

ಜಿನೀವಾದವರು ಫಾರಂ ಬದಲಿಸುವ ತನಕ ನಾವು ಕಾಯಬೇಕಾಗಿಲ್ಲ. ನಮ್ಮ ಮೆಡಿಕಲ್ ಕ್ಯಾಂಪುಗಳಲ್ಲಿ ಶುಗರ್, ಬಿಪಿ ಬರೆಯುವ ಚೀಟಿಯಲ್ಲೇ ಇನ್ನೆರಡು ಸಾಲು ಸೇರಿಸಲಿ: ಯಾವ ಕೆಮಿಕಲ್ ಹಿಡಿದು ಕೆಲಸ, ಎಷ್ಟು ವರ್ಷದಿಂದ? ಒಂದು ಪ್ರತಿ ಸಂಘದ ಕಚೇರಿಯಲ್ಲಿ, ಇನ್ನೊಂದು ಊರಿಗೆ ಹೋಗುವಾಗ ಪಾಸ್‌ಪೋರ್ಟಿನ ಜೊತೆ ಇರಲಿ.