ಕಸುಬಿಗೆ ಬಂದೂಕಿನ ಬೆಲೆಯೆ?

ಎರಡನೆಯ ಮಹಾಯುದ್ಧ ಇನ್ನೂ ನಡೆದಿರುವಾಗಲೇ, 1944ರಲ್ಲಿ, ಅಮೆರಿಕದ ಸರಕಾರ ತನ್ನ ಸೈನಿಕರಿಗಾಗಿ ‘ಜಿ.ಐ. ಬಿಲ್’ ಎಂಬ ಶಾಸನ ಮಾಡಿತು. 1956ರ ಹೊತ್ತಿಗೆ 78 ಲಕ್ಷ ಮಾಜಿ ಸೈನಿಕರು ಅದರ ಖರ್ಚಿನಲ್ಲಿ ಕಲಿತರು. ಕಾಲೇಜು ಸೇರಿದವರು ಸುಮಾರು 22 ಲಕ್ಷ ಮಾತ್ರ. ಉಳಿದವರು ಕಲಿತದ್ದು ಇತರ ಶಾಲೆ, ಕಾರ್ಖಾನೆ, ಹೊಲಗಳಲ್ಲಿ.

2008ರ ಹೊಸ ಶಾಸನದಡಿ ಇಂದಿಗೂ ಅಲ್ಲಿ ವೆಲ್ಡಿಂಗ್, ವಿದ್ಯುತ್, ಕೊಳಾಯಿ ಕೆಲಸ ಕಲಿಯುವ ಮಾಜಿ ಸೈನಿಕನಿಗೆ ಕೂಲಿಯ ಜೊತೆಗೆ ವಸತಿ ಭತ್ಯೆಯೂ ಉಂಟು. ಮೊದಲ ಆರು ತಿಂಗಳು ಪೂರ್ತಿ. ಆಮೇಲೆ ಆರಾರು ತಿಂಗಳಿಗೊಮ್ಮೆ ನೂರಕ್ಕೆ 20ರಷ್ಟು ಇಳಿಕೆ. ಇದು ನ್ಯಾಯವಾದ ಲೆಕ್ಕ. ಹೊಟ್ಟೆ ತುಂಬದೆ ಕೈಗೆ ಕಸುಬು ಹತ್ತದು.

ಆದರೆ ಸರಕಾರದ ಹಣವಿದ್ದಲ್ಲಿ ಲಾಭಕೋರರು ಮುತ್ತುತ್ತಾರೆ. ಯುದ್ಧಾನಂತರ ನಾಯಿಕೊಡೆಗಳಂತೆ ಎದ್ದ ಅನೇಕ ಖಾಸಗಿ ಶಾಲೆಗಳು ಶುಲ್ಕ ನುಂಗಿ ಕಸುಬು ಕಲಿಸಲಿಲ್ಲ; 1952ರಲ್ಲಿ ನಿಯಮ ಬಿಗಿಮಾಡಬೇಕಾಯಿತು. ಕರಿಯ ಸೈನಿಕರಿಗಂತೂ ಎಷ್ಟೋ ಬಾಗಿಲುಗಳು ತೆರೆಯಲೇ ಇಲ್ಲ.

ಸೈನಿಕನಿಗೆ ಈ ಸವಲತ್ತು ಸಲ್ಲತಕ್ಕದ್ದೇ. ನಾವು ಕೇಳುವುದಿಷ್ಟೆ: ಗಿರಣಿಯ ಕೂಲಿಗಾರ, ಸಣ್ಣ ಅಂಗಡಿಕಾರ ದೇಶವನ್ನು ನಡೆಸುವುದಿಲ್ಲವೆ? ಬಡವನ ಮಗ ಕಸುಬು ಕಲಿಯಬೇಕಾದರೆ ಮೊದಲು ಬಂದೂಕು ಹೊರಲೇಬೇಕೆ? ಕಲಿಯುವವನಿಗೆ ಅನ್ನ ಕೊಡುವ ಧರ್ಮ ಯಾವ ದೇಶದಲ್ಲೇ ಆಗಲಿ, ದುಡಿಯುವವರೆಲ್ಲರ ಹಕ್ಕಾಗಬೇಕು.