ಬಾಡಿಗೆದಾರರ ಕಣ್ಣಿಗೆ ಸುಣ್ಣ

ಮನೆ ಶಿಫ್ಟ್ ಮಾಡೋಕೆ ಹೇಗೆ ತಯಾರಾಗಬೇಕು ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಂಟು ವಾರದ ಪಟ್ಟಿ ಸಿಗುತ್ತೆ. ಮೊದಲ ವಾರ ಬೇಡದ ಸಾಮಾನು ಬೇರೆ ಮಾಡಿ, ಮೂರನೇ ವಾರ ರಟ್ಟಿನ ಡಬ್ಬ ಕೂಡಿಸಿ, ಐದನೇ ವಾರ ಡಬ್ಬದ ಮೇಲೆ ಸ್ಕೆಚ್ ಪೆನ್ನಲ್ಲಿ ‘ಅಡುಗೆಮನೆ’, ‘ಬೆಡ್‌ರೂಮ್’ ಅಂತ ಬರೆಯಿರಿ, ಹಿಂದಿನ ದಿನ ಫ್ರಿಜ್ ಆಫ್ ಮಾಡಿ ಒರೆಸಿಡಿ. ಗಾಜಿನ ಲೋಟಕ್ಕೆ ಎಷ್ಟು ಸುತ್ತು ಪೇಪರ್ ಸುತ್ತಬೇಕು ಅನ್ನೋದಕ್ಕೂ ವಿಡಿಯೋ ಇದೆ. ನಾನು ಓದಿದ ಅಂಥ ಒಂದು ಪಟ್ಟಿಯಲ್ಲೂ ‘ಪೇಂಟ್’ ಅನ್ನೋ ಪದ ಕಾಣಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡೋರ ದುಡ್ಡು ಹೋಗೋದು ಗೋಡೆಗೆ ಸ್ವಾಮಿ. ಲೋಟ ಒಡೆದರೆ ನೂರಿನ್ನೂರು ರೂಪಾಯಿ.

ನಾನಿರೋದು ಉಲ್ಲಾಳದಲ್ಲಿ. (ರಾಣಿ ಅಬ್ಬಕ್ಕನ ಉಲ್ಲಾಳ ಮಂಗಳೂರಿನ ಪಕ್ಕದ್ದು. ಇದು ಜ್ಞಾನಭಾರತಿ ಕ್ಯಾಂಪಸ್ಸಿನ ಆಚೆ, ಕೆಂಗೇರಿ ಕಡೆಯದು. ಊರಿಂದ ಬರೋ ನೆಂಟರಿಗೆ ಪ್ರತಿ ಸಲ ಹೇಳಬೇಕು.) ವಿಜಯನಗರ, ಬಸವೇಶ್ವರನಗರದಲ್ಲಿ ಬಾಡಿಗೆ ಏರಿದ ಹಾಗೆ ಜನ ನಾಗರಭಾವಿಗೆ ಬಂದರು, ನಾಗರಭಾವಿಯೂ ಕೈಗೆಟುಕದೇ ಹೋದಾಗ ಇಲ್ಲಿಗೆ ಬಂದರು. 2021ರ ಆಗಸ್ಟಿನಲ್ಲಿ ನೇರಳೆ ಮೆಟ್ರೊ ಕೆಂಗೇರಿ ಮುಟ್ಟಿತು. 2023ರ ಅಕ್ಟೋಬರಿನಲ್ಲಿ ಅದೇ ಲೈನು ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾಯಿತು. ಟು-ಲೆಟ್ ಬೋರ್ಡಿನ ಕೆಳಗೆ ‘ಮೆಟ್ರೊಗೆ ಹತ್ತಿರ’ ಅನ್ನೋ ಸಾಲು ಸೇರಿಕೊಂಡಿತು. ಹತ್ತಿರ ಅಂದರೆ ಆಟೋದಲ್ಲಿ ಹತ್ತಿರ.

ಇಲ್ಲಿನ ಶಿಫ್ಟಿಂಗ್ ಹೇಗಿರುತ್ತೆ ಅಂತ ನಿಮಗೂ ಗೊತ್ತು. ಉಲ್ಲಾಳದಿಂದ ಮಲ್ಲತ್ತಹಳ್ಳಿಗೆ, ಮಲ್ಲತ್ತಹಳ್ಳಿಯಿಂದ ವಿಶ್ವೇಶ್ವರಯ್ಯ ಲೇಔಟಿಗೆ, ಮತ್ತೆ ಉಲ್ಲಾಳಕ್ಕೆ. 30-40 ಸೈಟಿನ ಮೇಲೆ ಮೂರು ಅಂತಸ್ತು. ಒಂದರಲ್ಲಿ ಓನರ್, ಉಳಿದೆರಡರಲ್ಲಿ ನಮ್ಮಂಥವರು. ಎರಡು-ಮೂರು ಕಿಲೋಮೀಟರ್ ದೂರ, ಟಾಟಾ ಏಸ್‌ನಲ್ಲಿ ಎರಡು ಟ್ರಿಪ್ಪು, ಪಕ್ಕದ ಕಿರಾಣಿ ಅಂಗಡಿಯ ಖಾಲಿ ಡಬ್ಬ. ಇದಕ್ಕೆ ಎಂಟು ವಾರ ಯಾಕೆ? ಎರಡು ಭಾನುವಾರ ಸಾಕು. ಹಾಗಿದ್ದೂ ಶಿಫ್ಟಿಂಗ್ ಅಂದರೆ ಎದೆ ಧಸಕ್ಕೆನ್ನುತ್ತೆ. ಕಾರಣ ಕೊನೇ ದಿನ ನಡೆಯೋ ಈ ಮಾತುಕತೆ.

‘ಅಂಕಲ್, ಅಡ್ವಾನ್ಸ್...’

‘ಕೊಡ್ತೀನಪ್ಪಾ, ಎಲ್ಲಿ ಹೋಗುತ್ತೆ? ಪೇಂಟಿಂಗಿಗೆ ಒಂದ್ ತಿಂಗ್ಳು ಹಿಡ್ಕೊಂಡಿದೀನಿ. ಗೀಸರ್ ಸರ್ವಿಸ್ಸು, ಬಾತ್‌ರೂಮ್ ಕ್ಲೀನಿಂಗು, ಎಲ್ಲಾ ಸೇರಿ ಇನ್ನೊಂದ್ ಐದು.’

‘ನಾವಿದ್ದಿದ್ದು ಹನ್ನೊಂದೇ ತಿಂಗಳಲ್ವಾ ಅಂಕಲ್?’

‘ಎಲ್ರೂ ಮಾಡೋದೇ ಅಲ್ವೇನಪ್ಪಾ. ಯಾರನ್ ಬೇಕಾದ್ರೂ ಕೇಳು.’

ಈ ‘ಎಲ್ರೂ ಮಾಡೋದೇ’ ಅನ್ನೋ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಲೆಕ್ಕ ನೋಡೋಣ. ಬಾಡಿಗೆ 20,000 ಅಂತ ಇಟ್ಟುಕೊಳ್ಳಿ, ಅಡ್ವಾನ್ಸು ಬೆಂಗಳೂರಿನ ಹಳೇ ಪದ್ಧತಿಯಂತೆ ಹತ್ತು ತಿಂಗಳದ್ದು, ಅಂದರೆ 2 ಲಕ್ಷ. ಆ ದುಡ್ಡು ನಿಮ್ಮ ಹತ್ತಿರವೇ ಇದ್ದು, ಬ್ಯಾಂಕಿನಲ್ಲಿ ಶೇಕಡಾ 7ರ ಎಫ್‌ಡಿ ಮಾಡಿಸಿದ್ದರೆ ಹನ್ನೊಂದು ತಿಂಗಳಿಗೆ ಹತ್ತಿರ ಹತ್ತಿರ 12,800 ಬಡ್ಡಿ ಬರ್ತಿತ್ತು. ಪೇಂಟಿಂಗಿಗೆ 20,000 ಹೋಯಿತು. ಎರಡೂ ಸೇರಿಸಿ ಹನ್ನೊಂದರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 3,000. ನೀವು 20,000ದ ಮನೆಯಲ್ಲಿದ್ದೀನಿ ಅಂದುಕೊಂಡಿದ್ದಿರಿ, ಇದ್ದಿದ್ದು 23,000ದ ಮನೆಯಲ್ಲಿ. ಮನೆ ನೋಡೋಕೆ ಹೋದ ದಿನ ‘ಒಂದು ಐನೂರು ಕಮ್ಮಿ ಮಾಡ್ಕೊಳ್ಳಿ’ ಅಂತ ಅರ್ಧ ಗಂಟೆ ಚೌಕಾಸಿ ಮಾಡಿದವರು, ಸಂಬಳ ಬದಲಾದಾಗ ಆಫರ್ ಲೆಟರಿನ ಒಂದೊಂದು ಸಾಲನ್ನೂ ಎಕ್ಸೆಲ್ಲಿಗೆ ಹಾಕಿ ಅಳೆದವರು, ಈ ಮೂರು ಸಾವಿರದ ಬಗ್ಗೆ ಉಸಿರೆತ್ತೋದಿಲ್ಲ.

ಆ ದುಡ್ಡಲ್ಲಿ ಗೋಡೆಗೆ ಬಣ್ಣವಾದರೂ ಬೀಳುತ್ತಾ? ನಾವು ಹಿಂದೆ ಇದ್ದ ಒಂದು ಮನೆಯಲ್ಲಿ ಪೂರಾ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಐದನೇ ದಿನ, ಬಿಟ್ಟು ಬಂದಿದ್ದ ಗ್ಯಾಸ್ ರೆಗ್ಯುಲೇಟರ್ ತರೋಕೆ ಹೋದರೆ ಹೊಸ ಸಂಸಾರ ಹಾಲು ಉಕ್ಕಿಸಿ ಆಗಿತ್ತು. ಹಾಲ್‌ನ ಗೋಡೆ ಮೇಲೆ ನಮ್ಮ ಟಿ.ವಿ. ಹಿಂದಿನ ಚೌಕಾಕಾರದ ಗುರುತು ಹಾಗೇ ಇತ್ತು. ಅವರೂ ಬಿಡುವಾಗ ಒಂದು ತಿಂಗಳದ್ದು ಕೊಡಬೇಕು, ಅವರ ಅಗ್ರಿಮೆಂಟಿನಲ್ಲೂ ಅದೇ ಸಾಲಿದೆ. ಒಂದೇ ಗೋಡೆಗೆ, ಹೊಡೆಯದ ಬಣ್ಣಕ್ಕೆ, ಎರಡೆರಡು ಸಲ ದುಡ್ಡು.

ಮಳೆಗಾಲದಲ್ಲಿ ಗೋಡೆ ಒಸರುತ್ತಲ್ಲ, ಅದರದ್ದೂ ಇದೇ ಕತೆ. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿರೋಲ್ಲ, ಹೊರಗೋಡೆಗೆ ಸರಿಯಾಗಿ ಗಾರೆ ಮಾಡಿಸಿರೋಲ್ಲ. ಜುಲೈನಲ್ಲಿ ಬೀರು ಹಿಂದೆ ಬೂಷ್ಟು ಹತ್ತುತ್ತೆ. ಮನೆ ಬಿಡುವಾಗ ಅದನ್ನು ನಿಮಗೇ ತೋರಿಸಿ ‘ನೋಡಿ, ಹೇಗಿಟ್ಟುಕೊಂಡಿದೀರ’ ಅಂತಾರೆ. ಕಟ್ಟಿದವರ ತಪ್ಪಿಗೆ ಇದ್ದವರು ದಂಡ ಕಟ್ಟೋದು ಯಾವ ನ್ಯಾಯ?

ಕಾನೂನು ಏನು ಹೇಳುತ್ತೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ಮರೆತುಬಿಡಿ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅದು ಅನ್ವಯಿಸೋದೇ ಇಲ್ಲ, ಈಗ ಆ ದುಡ್ಡಿಗೆ ಉಲ್ಲಾಳದಲ್ಲಿ ಕಾರ್ ಶೆಡ್ ಸಿಕ್ಕರೆ ಪುಣ್ಯ. ನಮಗೆ ಉಳಿಯೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬ್ರಿಟಿಷರ ಕಾಲದ್ದು, ಆದರೂ ಅದರ 108ನೇ ಸೆಕ್ಷನ್ನು ನಮ್ಮ ಓನರುಗಳಿಗಿಂತ ಉದಾರಿ. ಮನೆ ಹೇಗೆ ಸಿಕ್ಕಿತ್ತೋ ಹಾಗೆ ವಾಪಸ್ ಕೊಡಬೇಕು, ಆದರೆ ಸಹಜವಾಗಿ ಬಳಸೋದರಿಂದ ಆಗುವ ಸವೆತ ಬಾಡಿಗೆದಾರನ ತಲೆ ಮೇಲಲ್ಲ ಅನ್ನುತ್ತೆ. ಸೋಫಾ ಒರಗಿದ ಗುರುತು, ಸ್ವಿಚ್ ಬೋರ್ಡಿನ ಸುತ್ತ ಕೈ ಮಸಿ, ಬಿಸಿಲಿಗೆ ಮಾಸಿದ ಬಣ್ಣ ಇವೆಲ್ಲ ಸವೆತವೇ. ಮಗು ಕ್ರೆಯಾನ್‌ನಲ್ಲಿ ಗೋಡೆ ತುಂಬ ಆನೆ ಬರೆದಿದ್ದರೆ ಅದು ಬೇರೆ, ಅದಕ್ಕೆ ಕೊಡಿ.

ಹಾಗಾದರೆ ಗೆದ್ದೆವಲ್ಲ ಅಂದ್ಕೋಬೇಡಿ. ಆ ಸೆಕ್ಷನ್ನು ಶುರುವಾಗೋದೇ ಒಂದು ಷರತ್ತಿನಿಂದ. ಇದಕ್ಕೆ ವಿರುದ್ಧವಾದ ಒಪ್ಪಂದವಾಗಲಿ, ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ ಮಾತ್ರ ಈ ನಿಯಮ. ಒಪ್ಪಂದ ಅಂದರೆ ನೀವು ಸ್ಟಾಂಪ್ ಪೇಪರಿನ ಮೇಲೆ ಸೈನ್ ಹಾಕಿದ ‘ಪೇಂಟಿಂಗ್ ಚಾರ್ಜಸ್ ಒಂದು ತಿಂಗಳ ಬಾಡಿಗೆ’ ಅನ್ನೋ ಸಾಲು. ರೂಢಿ ಅಂದರೆ? ‘ಎಲ್ರೂ ಮಾಡೋದೇ’ ಅಂದರಲ್ಲ ಅಂಕಲ್, ಅದು. ಅವರಿಗೆ ಕಾಯ್ದೆ ಗೊತ್ತಿರಲಿಕ್ಕಿಲ್ಲ, ಆದರೆ ಗುರಿ ಇಟ್ಟು ಹೊಡೆದ ಹಾಗೆ ಅದರ ಬಾಲ ಹಿಡಿದಿದ್ದಾರೆ. ಇನ್ನು ಆ ರೂಢಿಯನ್ನು ಹುಟ್ಟಿಸಿ ಸಾಕ್ತಾ ಇರೋರು ಯಾರು? ‘ಹೋಗ್ಲಿ ಬಿಡು, ಯಾರು ಜಗಳ ಆಡ್ತಾರೆ’ ಅಂತ ಕೈಮುಗಿದು ಬರೋ ನಾವು. ಒಬ್ಬೊಬ್ಬರು ಸುಮ್ಮನಾದಾಗಲೂ ಮುಂದಿನವರ ವಿರುದ್ಧ ಒಂದು ಸಾಕ್ಷಿ ಸೇರುತ್ತೆ. 20,000 ನಿಮಗೆ ಒಂದು ವೀಕೆಂಡ್ ಟ್ರಿಪ್ಪಿನ ದುಡ್ಡಿರಬಹುದು. ಅದೇ ಬೀದಿಯಲ್ಲಿ ಒಂದು ರೂಮಿನ ಮನೆಯಲ್ಲಿರೋ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೂ ಅದೇ ರೂಢಿ ಅನ್ವಯಿಸುತ್ತೆ, ಅವಳ ಒಂದು ತಿಂಗಳ ಬಾಡಿಗೆ ಅಂದರೆ ಮಕ್ಕಳ ಸ್ಕೂಲ್ ಫೀಸು.

ಓನರ್ ಕಡೆಯದ್ದೂ ಕೇಳಬೇಕು. ಉಲ್ಲಾಳದ ಓನರುಗಳಲ್ಲಿ ಹೆಚ್ಚಿನವರು ದೊಡ್ಡ ಕುಳಗಳಲ್ಲ. ಎಷ್ಟೋ ಜನ ರಿಟೈರ್ ಆದ ದುಡ್ಡಲ್ಲಿ ಮನೆ ಎಬ್ಬಿಸಿದವರು, ಮೇಲಿನ ಅಂತಸ್ತಿಗೆ ಸಾಲ ತೆಗೆದವರು. ಬಾಡಿಗೆಯೇ ಅವರ ಪೆನ್ಷನ್. ಆರು ತಿಂಗಳು ಬಾಡಿಗೆ ಕೊಡದೆ ಕೂತವರನ್ನು ಎಬ್ಬಿಸೋಕೆ ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕು, ಅದಕ್ಕೇ ಹತ್ತು ತಿಂಗಳ ಅಡ್ವಾನ್ಸು ಅಂತಾರೆ. ಈ ಭಯ ಸುಳ್ಳಲ್ಲ, ಒಪ್ಪಿದೆ. ಆದರೆ ಆ ಭಯಕ್ಕೆ ಅಡ್ವಾನ್ಸ್ ಇದೆಯಲ್ಲ, ಪೇಂಟಿಂಗ್ ಯಾಕೆ? ಬಾಡಿಗೆ ಸಾಲದಿದ್ದರೆ ಬಾಡಿಗೆಯನ್ನೇ ಕೇಳಲಿ. 20,000 ಅಂತ ಬೋರ್ಡು ಹಾಕಿ 23,000 ತಗೊಳ್ಳೋದು ವ್ಯಾಪಾರದಲ್ಲಾಗಿದ್ದರೆ ಅದಕ್ಕೆ ಬೇರೆ ಹೆಸರಿತ್ತು. ಇನ್ನು ಅಡ್ವಾನ್ಸ್ ವಾಪಸ್ ಬರೋದು ಯಾಕೆ ತಡ ಅಂದರೆ, ಆ ದುಡ್ಡು ಯಾವಾಗಲೋ ಇ.ಎಂ.ಐ.ಗೋ ಮಗಳ ಮದುವೆಗೋ ಕರಗಿರುತ್ತೆ. ನಿಮಗೆ ಕೊಡಬೇಕಾದ ದುಡ್ಡು ಮುಂದೆ ಬರುವ ಬಾಡಿಗೆದಾರರ ಜೇಬಿನಲ್ಲಿದೆ. ಅವರು ಬರುವ ತನಕ ನೀವು ಹೊಸ ಮನೆಗೆ 2 ಲಕ್ಷ, ಮೊದಲ ತಿಂಗಳ ಬಾಡಿಗೆ, ಬ್ರೋಕರಿಗೆ ಇನ್ನೊಂದು ತಿಂಗಳದ್ದು, ಎಲ್ಲವನ್ನೂ ಪರ್ಸನಲ್ ಲೋನ್ ತೆಗೆದು ಕಟ್ಟಬೇಕು.

ಜರ್ಮನಿಯಲ್ಲೂ ಬಾಡಿಗೆದಾರನೇ ಬಣ್ಣ ಹೊಡೆಸಬೇಕು ಅಂತ ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳೋದು ಹಳೇ ರೂಢಿ. 2015ರ ಮಾರ್ಚಿನಲ್ಲಿ ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಇದಕ್ಕೆ ಕಡಿವಾಣ ಹಾಕಿತು. ಬಣ್ಣ ಹೊಡೆಸದ ಮನೆ ಕೊಟ್ಟು, ಅದಕ್ಕೆ ತಕ್ಕ ಪರಿಹಾರವನ್ನೂ ಕೊಡದೆ, ಬಾಡಿಗೆದಾರನ ತಲೆಗೆ ಬಣ್ಣದ ಖರ್ಚು ಕಟ್ಟುವ ಮಾಮೂಲಿ ಷರತ್ತು ನಡೆಯೋಲ್ಲ ಅಂತ. ಅಡ್ವಾನ್ಸು ಅಲ್ಲಿ ಮೂರು ತಿಂಗಳು ಮೀರುವಂತಿಲ್ಲ, ಓನರ್ ಅದನ್ನು ತನ್ನ ದುಡ್ಡಿನ ಜೊತೆ ಬೆರೆಸದೆ ಬೇರೆ ಖಾತೆಯಲ್ಲಿಡಬೇಕು, ಬಡ್ಡಿ ಬಾಡಿಗೆದಾರನದು. ನಮ್ಮಲ್ಲೂ ಕೇಂದ್ರ ಸಂಪುಟ 2021ರ ಜೂನಿನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಡೆಪಾಸಿಟ್ ಬೇಡ ಅನ್ನುತ್ತೆ ಅದು. ಆದರೆ ‘ಮಾದರಿ’ ಅನ್ನೋ ಪದ ನೋಡಿ. ರಾಜ್ಯಗಳು ತಮ್ಮದೇ ಕಾನೂನು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಡಿಗೆದಾರರು ಒಂದು ವೋಟ್ ಬ್ಯಾಂಕ್ ಆಗಿದ್ದರೆ ಕತೆ ಬೇರೆ ಇರ್ತಿತ್ತೇನೋ. ನಮ್ಮ ವೋಟು ಹಾಸನದಲ್ಲೋ ಹಾವೇರಿಯಲ್ಲೋ ಇದೆ.

ಹಾಗಾಗಿ ನನ್ನ ಪಟ್ಟಿ ಬೇರೆ, ಅದು ಶುರುವಾಗೋದು ಮನೆ ಬಿಡುವ ಎಂಟು ವಾರ ಮುಂಚೆ ಅಲ್ಲ, ಮನೆ ಸೇರುವ ಮುಂಚೆ. ಟೋಕನ್ ಕೊಡೋ ಮೊದಲು ಅಗ್ರಿಮೆಂಟಿನ ಡ್ರಾಫ್ಟ್ ವಾಟ್ಸ್ಆ್ಯಪಿನಲ್ಲಿ ಕೇಳಿ. ಟೋಕನ್ ಕೊಟ್ಟ ಮೇಲೆ ನಿಮ್ಮ ಮಾತಿಗೆ ಬೆಲೆ ಇಲ್ಲ. ಪೇಂಟಿಂಗಿನ ಸಾಲು ತೆಗೆಸಿ. ತೆಗೆಯೋಲ್ಲ ಅಂದರೆ ತಿದ್ದಿಸಿ: ಮೂರು ವರ್ಷ ಮುಗಿಯೋ ಮುಂಚೆ ಬಿಟ್ಟರೆ ಸಹಜ ಸವೆತಕ್ಕೆ ಏನೂ ಹಿಡಿಯುವಂತಿಲ್ಲ, ಹಾಳಾಗಿದ್ದರೆ ನಿಜವಾದ ಬಿಲ್ ತೋರಿಸಿ ಅಷ್ಟೇ ಹಿಡಿಯಬೇಕು. ಕೇಳೋಕೆ ಒಳ್ಳೇ ಕಾಲ ಆಷಾಢ. ಆ ತಿಂಗಳು ಹಾಲು ಉಕ್ಕಿಸೋರು ಕಮ್ಮಿ, ಮನೆ ಖಾಲಿ ಬಿದ್ದಿರುತ್ತೆ, ಓನರ್ ದನಿಯೂ ಮೆತ್ತಗಿರುತ್ತೆ. ನಿಮಗೆ ಶಾಸ್ತ್ರ ಇದ್ದರೆ ಆಷಾಢದಲ್ಲಿ ಮಾತಾಡಿ ಶ್ರಾವಣದಲ್ಲಿ ಹೋಗಿ.

ಕೀ ಕೈಗೆ ಬಂದ ದಿನ, ಸಾಮಾನು ಇಳಿಸೋ ಮೊದಲು, ಪ್ರತಿ ಗೋಡೆ, ಸಿಂಕಿನ ಕೆಳಗೆ, ಬಾಗಿಲ ಹಿಂದೆ, ಬಚ್ಚಲ ನಲ್ಲಿ ಎಲ್ಲವನ್ನೂ ವಿಡಿಯೋ ಮಾಡಿ ಓನರಿಗೇ ಕಳಿಸಿ. ‘ಅಂಕಲ್, ಬೆಡ್‌ರೂಮ್ ಗೋಡೆ ಒಸರಿದ ಹಾಗಿದೆ, ಗಮನಕ್ಕಿರಲಿ’ ಅಂತ ಒಂದು ಸಾಲು ಸಾಕು, ಜಗಳದ ಧಾಟಿ ಬೇಡ. ಆ ಮೆಸೇಜಿನ ತಾರೀಖು ಮುಂದೆ ನಿಮ್ಮ ಪರವಾಗಿ ಮಾತಾಡುತ್ತೆ. ಅಡ್ವಾನ್ಸ್ ಬ್ಯಾಂಕಿನಲ್ಲೇ ಹಾಕಿ, ಕ್ಯಾಶ್ ಬೇಡ. ಮನೆ ಬಿಡ್ತೀನಿ ಅಂತ ನೋಟಿಸ್ ಕೊಡುವಾಗಲೂ ಮೆಟ್ಟಿಲ ಹತ್ತಿರ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಬರೆದು ಕಳಿಸಿ, ಅದರಲ್ಲೇ ‘ಅಡ್ವಾನ್ಸಿನಲ್ಲಿ ಅರ್ಧ ಹದಿನೈದು ದಿನ ಮುಂಚೆ ಕೊಟ್ಟರೆ ಅನುಕೂಲ’ ಅಂತ ಕೇಳಿ. ಮುಂದಿನ ಬಾಡಿಗೆದಾರರು ಗೊತ್ತಾಗಿದ್ದರೆ ಕೊಡೋರಿದ್ದಾರೆ.

ಉಳಿದವು ಸಣ್ಣ ಕೆಲಸ. ಗೃಹಜ್ಯೋತಿಯಲ್ಲಿ ಹಳೇ ಮನೆಯ ಆರ್.ಆರ್. ನಂಬರಿನಿಂದ ಆಧಾರ್ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಮನೆಗೆ ಅರ್ಜಿ ಹಾಕುವಾಗ ತೊಡಕು. ಗ್ಯಾಸ್ ಏಜೆನ್ಸಿಗೆ ಹೊಸ ವಿಳಾಸ ಕೊಡಿ. ಫಾರಂ 8 ತುಂಬಿ ವೋಟನ್ನು ಇಲ್ಲಿಗೆ ತನ್ನಿ, ಹಾವೇರಿಯ ಎಂ.ಎಲ್.ಎ. ಉಲ್ಲಾಳದ ಬಾಡಿಗೆಯ ಬಗ್ಗೆ ಮಾತಾಡೋಲ್ಲ.

ಇನ್ನೊಂದು ಕೆಲಸಕ್ಕೆ ಖರ್ಚಿಲ್ಲ. ನೀವಿರುವಾಗಲೇ ಮನೆ ನೋಡೋಕೆ ಹೊಸಬರು ಬರ್ತಾರೆ. ಓನರ್ ಜೊತೆಗಿರ್ತಾರೆ, ಅವರು ‘ನೀರು ಬರುತ್ತಾ?’ ಅಂತಷ್ಟೇ ಕೇಳ್ತಾರೆ, ನೀವು ‘ಹೂಂ’ ಅಂತೀರಿ. ಆಮೇಲೆ ಅವರನ್ನು ಗೇಟಿನ ತನಕ ಬಿಟ್ಟು ಬನ್ನಿ. ಗೋಡೆಗೆ ಕೊನೇ ಸಲ ಬಣ್ಣ ಹೊಡೆಸಿದ್ದು ಯಾವಾಗ, ನಿಮ್ಮಿಂದ ಎಷ್ಟು ಹಿಡಿದುಕೊಳ್ತಿದ್ದಾರೆ ಅಂತ ಹೇಳಿ. ಗೇಟಿನ ತನಕ ಹೋಗೋಕೆ ಆಗದಿದ್ದರೆ ಬೆಡ್‌ರೂಮಿನ ಸಜ್ಜಾದ ಒಳಗೋಡೆ ಮೇಲೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿಡಿ, ತಿಂಗಳು, ಇಸವಿ, ಮೊತ್ತ. ಟ್ರಂಕು ಏರಿಸೋಕೆ ಸ್ಟೂಲ್ ಹತ್ತಿದವರಿಗೆ ಕಾಣುತ್ತೆ.